ಶಂಕ್ರಮ್ಮನ ಹಿಡಿ ತಪ್ಪಲ

ಕಲಬುರಗಿಯ ಗಿರಣಿ ರಸ್ತೆಯಲ್ಲಿದ್ದ ಶಂಕ್ರಮ್ಮನ ಖಾನಾವಳಿಗೆ ಹೊಸದಾಗಿ ಬಂದವರು ಮೊದಲ ದಿನ ಒಂದು ಸಲವಾದರೂ ಮುಖ ಸಿಂಡರಿಸುತ್ತಿದ್ದರು. ಗಿರಣಿಯ ಭೋಂಗಾ ಕೂಗಿದ ಮೇಲೆ ಹಸಿದು ಓಡಿ ಬಂದು, ಕೈಕಾಲು ತೊಳೆದು ಸಾಲಿನಲ್ಲಿ ಕುಳಿತರೆ ತಾಟಿಗೆ ಮೊದಲು ಬೀಳುವುದು ಒಂದು ಹಿಡಿ ಹಸಿ ತಪ್ಪಲ, ಅಂದರೆ ಬೇಯಿಸದ ಸೊಪ್ಪು. ಮೆಂತೆ ಸಿಕ್ಕ ದಿನ ಮೆಂತೆ, ಇಲ್ಲದ ದಿನ ಉಳ್ಳಾಗಡ್ಡಿಯ ತಪ್ಪಲ, ಚಳಿಗಾಲದಲ್ಲಿ ಎಳೆ ಕಡಲೆಯ ಕುಡಿ. ಅದರ ಪಕ್ಕದಲ್ಲಿ ಒಂದಿಷ್ಟು ಮೊಳಕೆ ಕಡಲೆ. ಇವೆರಡೂ ಖಾಲಿಯಾಗುವವರೆಗೆ ರೊಟ್ಟಿಯ ಬುಟ್ಟಿ ಅತ್ತ ಸುಳಿಯುತ್ತಿರಲಿಲ್ಲ.

"ಯಕ್ಕಾ, ನಾ ಏನು ಆಡೇನು? ತಪ್ಪಲ ಮುಂದ ಇಟ್ಟೀಯಲ್ಲ?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ಆಡಾಗಿದ್ರ ನಿನಗ ಇದರ ಜರೂರತ್ತೇ ಇರ್ತಿದ್ದಿಲ್ಲ ತಮ್ಮಾ," ಎನ್ನುತ್ತಿದ್ದಳು ಶಂಕ್ರಮ್ಮ. "ಮನುಷ್ಯಾ ಇದ್ದೀ, ಅದಕ್ಕ ಹಾಕೀನಿ. ತಿನ್ನು."

ಹಳಬರು ನಗುತ್ತಿದ್ದರು. ಆ ಮಾತಿನ ಹಿಂದಿನ ಆಡು ಯಾವುದು ಎಂದು ಅವರಿಗೆ ಗೊತ್ತಿತ್ತು.

ಶಂಕ್ರಮ್ಮ ಹುಟ್ಟಿದ್ದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದರೆ ಎತ್ತಿನ ಬಂಡಿಗೆ ಒಂದು ಪೂರ್ತಿ ದಿನದ ದಾರಿ. ಅಪ್ಪನಿಗೆ ನಾಲ್ಕು ಎಕರೆ ಹೊಲ, ಬಾವಿಯ ದಂಡೆಗೆ ಕೆಂಪು ಬಾಳೆಯ ಮೂವತ್ತು ಗಿಡ. ಹತ್ತೊಂಬತ್ತಕ್ಕೆ ಗಂಡ ತೀರಿಕೊಂಡ. ಅಪ್ಪ ಮೊದಲೇ ಹೋಗಿದ್ದ, ಮರುವರ್ಷ ತಾಯಿಯೂ ಹೋದಳು. ಹೊಲವನ್ನು ಕಾಕಾನ ಕೈಗೆ ಒಪ್ಪಿಸಿ, ತಮ್ಮ ದೌಲಪ್ಪನ ಕೈಹಿಡಿದು ಅವಳು ಕಲಬುರಗಿಗೆ ಬಂದಳು. ಅವಳಿಗೆ ಗೊತ್ತಿದ್ದ ವಿದ್ಯೆ ರೊಟ್ಟಿ ಬಡಿಯುವುದೊಂದೇ; ಆದರೆ ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಗಿರಣಿ ರಸ್ತೆಯಲ್ಲಿ ಇರಲಿಲ್ಲ. ಸೇರು ಹಿಟ್ಟಿಗೆ ಇಷ್ಟೇ ರೊಟ್ಟಿ ಎಂದರೆ ಅಷ್ಟೇ. ಒಂದು ರೊಟ್ಟಿಯ ಮೇಲೆ ಇನ್ನೊಂದನ್ನು ಇಟ್ಟರೆ ಅಂಚು ಹೊಂದುತ್ತಿತ್ತು. ತೊಗರಿಬೇಳೆಗೆ ಹಾಕುವ ಉಪ್ಪನ್ನು ಅವಳು ಎಂದೂ ರುಚಿ ನೋಡಿ ಹಾಕಿದವಳಲ್ಲ, ಮೂರು ಬೆರಳಿನ ಅಳತೆಯಲ್ಲೇ ಹಾಕುತ್ತಿದ್ದಳು. "ನನ್ನ ಕೈಯಾಗ ಉಂಡವರು ಒಬ್ಬರೂ ಹಾಸಿಗಿ ಹಿಡಿದಿಲ್ಲ" ಎಂಬುದು ಅವಳ ಒಂದೇ ಜಂಬ. ಹದಿನಾಲ್ಕು ವರ್ಷ ಆ ಜಂಬಕ್ಕೆ ಧಕ್ಕೆ ಬಂದಿರಲಿಲ್ಲ.

ಧಕ್ಕೆ ಬಂದದ್ದು ಫಸಲಿ ೧೩೪೫ರಲ್ಲಿ, ಇಂಗ್ಲಿಷ್ ಲೆಕ್ಕದಲ್ಲಿ ೧೯೩೫-೩೬ರಲ್ಲಿ. ಹಾಸಿಗೆ ಹಿಡಿಯಲು ಹೊರಟವನು ಅವಳ ತಮ್ಮನೇ.

ದೌಲಪ್ಪನಿಗೆ ಆಗ ಇಪ್ಪತ್ನಾಲ್ಕು. ಹಗಲು ಗಿರಣಿಯಲ್ಲಿ ಹತ್ತಿಯ ಗಂಟು ಹೊರುತ್ತಿದ್ದ, ಬೆಳಗ್ಗೆ ಸಂಜೆ ರೋಜಾ ದರ್ಗಾದ ಹತ್ತಿರದ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಮಣ್ಣು ಮೆತ್ತಿಕೊಳ್ಳುತ್ತಿದ್ದ. ಅಲ್ಲಿಯ ಉಸ್ತಾದ್ ಲಾಲ್ ಅಹ್ಮದ್ ಅರವತ್ತು ದಾಟಿದ ಮನುಷ್ಯ. ಕಿವಿಗಳು ಮುದುಡಿ ಒಣ ಅಂಜೂರದಂತಾಗಿದ್ದವು, ಮಾತು ಕಡಿಮೆ. ದಸರೆಯ ಮರುದಿನ ಅವರು ಏಳು ಮಂದಿ ಶಿಷ್ಯರನ್ನು ನಿಲ್ಲಿಸಿ, ದರ್ಗಾದ ಬರುವ ಉರುಸಿನ ಕುಸ್ತಿಗೆ ತಾಲೀಮಿನ ಪರವಾಗಿ ಇಳಿಯುವವನು ದೌಲಪ್ಪ ಎಂದರು. ಎದುರಾಳಿ ಹುಮನಾಬಾದ ಕಡೆಯ ಹೆಸರಾಂತ ಪೈಲ್ವಾನ. ಗಂಜ್ ಬಜಾರಿನ ಒಬ್ಬ ಸಾಹುಕಾರ, ಕುಸ್ತಿಯ ಹುಚ್ಚಿನವನು, ಅಂದೇ ಒಂದು ಮೂಟೆ ಬದಾಮಿ, ಒಂದು ಡಬ್ಬಿ ತುಪ್ಪ ಕಳಿಸಿಕೊಟ್ಟ.

ಪೈಲ್ವಾನನ ಊಟಕ್ಕೆ ತಾಲೀಮಿನಲ್ಲಿ ಖುರಾಕು ಎನ್ನುತ್ತಾರೆ. ಅದರ ಕಾಯಿದೆ ಹೇಳಲು ಉಸ್ತಾದರು ತಾವೇ ಖಾನಾವಳಿಯ ಬಾಗಿಲಿಗೆ ಬಂದರು.

"ನೋಡ್ ಬೇಟಿ, ಖಟ್ಟಾ ಬಂದ್. ಖಾರಾ ಬಂದ್. ಹಾಲು, ತುಪ್ಪ, ಬದಾಮಿ, ಹೊಟ್ಟಿ ತುಂಬ ರೊಟ್ಟಿ. ಹುಳಿ ತಿಂದ್ರ ಕೀಲು ಸಡಿಲ ಆಗ್ತಾವ. ಇವ ಗುಟ್ಟಾಗಿ ತಿಂದಾನಂದ್ರೂ ನನಗ ಗೊತ್ತಾಗ್ತದ."

"ನನ್ನ ಕೈ ದಾಟಿ ಇವನ ಬಾಯಿಗಿ ಏನೂ ಹೋಗಂಗಿಲ್ರೀ ಉಸ್ತಾದರ," ಎಂದಳು ಶಂಕ್ರಮ್ಮ.

ಅವಳು ಹೇಳಿದಂತೆ ಮಾಡುವವಳು. ಹೇಳಿದ್ದಕ್ಕಿಂತ ಒಂದು ತೂಕ ಹೆಚ್ಚೇ ಮಾಡುವವಳು. ಹುಳಿ ಬೇಡ ಎಂದಾಗ ಪುಂಡಿಪಲ್ಯ ಹೋಯಿತು, ಅದು ಹುಟ್ಟಾ ಹುಳಿ. ಉಳಿದ ಪಲ್ಯಗಳಿಗೂ ಅವಳ ಕೈಯಲ್ಲಿ ಹುಣಸೆಯೋ ಮೆಣಸಿನಕಾಯಿಯೋ ಬೀಳದೆ ಇರುತ್ತಿರಲಿಲ್ಲ, ಅವೂ ಹೋದವು. ಖಾರವೇ ಇಲ್ಲದ ಮೇಲೆ ರೊಟ್ಟಿಯ ಜೊತೆ ಕಡಿಯುವ ಹಸಿ ತಪ್ಪಲಕ್ಕೆ ಅರ್ಥವೇನು? ಅದೂ ಹೋಯಿತು. ಉಳ್ಳಾಗಡ್ಡಿ ಕಣ್ಣಲ್ಲಿ ನೀರು ತರಿಸುವುದರಿಂದ ಅದನ್ನು ಖಾರದ ಲೆಕ್ಕಕ್ಕೆ ಹಾಕಿದಳು. ಪೇರಲ ಹಣ್ಣನ್ನು ಉಪ್ಪು-ಖಾರ ಹಚ್ಚಿಯೇ ತಿನ್ನುವುದು, ಅದನ್ನೂ ಬಿಡಿಸಿದಳು. ಕಮಲಾಪುರದಿಂದ ಬಂದ ಕೆಂಪು ಬಾಳೆ ಚಳಿಗಾಲದಲ್ಲಿ ಥಂಡಿ ಎಂದು ಗಿರಾಕಿಗಳಿಗೆ ಹಂಚಿದಳು. ಹಾಲು ಗಟ್ಟಿ ಇರಲೆಂದು ಸೇರು ಹಾಲು ಅರ್ಧ ಸೇರಾಗುವವರೆಗೆ ಕಾಯಿಸಿದಳು.

ತಾಲೀಮಿನಲ್ಲಿ ಒಂದು ರೂಢಿಯಿತ್ತು. ಉಸ್ತಾದರ ಹೆಂಡತಿ ಜುಬೇದಾ ಎರಡು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಕಡಲೆಯನ್ನು ಬೆಳಗಿನ ಕಸರತ್ತು ಮುಗಿದ ಮೇಲೆ ಶಿಷ್ಯರಿಗೆಲ್ಲ ಒಂದೊಂದು ಬೊಗಸೆ ಕೊಡುತ್ತಿದ್ದಳು. ಬೇಯಿಸಿದ್ದಲ್ಲವಾದ್ದರಿಂದ ಯಾರ ಮನೆಯ ಮಡಿಗೂ ಅದು ಅಡ್ಡಿಯಾಗುತ್ತಿರಲಿಲ್ಲ. ಶಂಕ್ರಮ್ಮ ತಮ್ಮನಿಗೆ ಅದನ್ನೂ ಬಿಡಿಸಿದಳು.

"ಬದಾಮಿ ತಿನ್ನೋ ಬಾಯಾಗ ಕಡ್ಲಿ ಯಾಕೋ? ಹೊಟ್ಟ್ಯಾಗ ಜಾಗಾ ಇಡು."

ದೌಲಪ್ಪ ಅಕ್ಕನ ಮಾತು ಮೀರಿದವನಲ್ಲ. ಹೀಗೆ ಎಂಬತ್ತು ದಿನ ಕಳೆದವು. ತೂಕ ಏರಿತು, ಭುಜ ಹರಡಿತು. ಶಂಕ್ರಮ್ಮ ದಿನಕ್ಕೊಮ್ಮೆ ತಮ್ಮನ ರಟ್ಟೆಗೆ ದಾರ ಸುತ್ತಿ ನೋಡಿ ಹಿಗ್ಗುತ್ತಿದ್ದಳು.

ಎಳ್ಳ ಅಮಾವಾಸ್ಯೆಗೆ ಅಕ್ಕ-ತಮ್ಮ ಕಮಲಾಪುರಕ್ಕೆ ಹೋದರು. ಆ ದಿನ ಆ ಸೀಮೆಯಲ್ಲಿ ಮನೆಯಲ್ಲಿ ಉಣ್ಣುವವರಿಲ್ಲ. ಎಲ್ಲರೂ ಹೊಲಕ್ಕೆ ಹೋಗಿ, ಸಿಕ್ಕ ಸೊಪ್ಪು, ಹಸಿ ಕಾಳು, ಕಾಯಿಪಲ್ಯಗಳನ್ನೆಲ್ಲ ಕೂಡಿಸಿ ಹುಣಸೆ ಹಿಂಡಿ ಮಾಡಿದ ಭಜ್ಜಿಯನ್ನು ಸಜ್ಜಿ ರೊಟ್ಟಿಯ ಜೊತೆ ಉಣ್ಣುತ್ತಾರೆ. ಬಾವಿಯ ದಂಡೆಯಲ್ಲಿ ಇಪ್ಪತ್ತು ಮಂದಿ ಭಜ್ಜಿ ಸುರಿಯುತ್ತಿದ್ದರೆ ದೌಲಪ್ಪ ಹಾಲಿನ ತಂಬಿಗೆ ಹಿಡಿದು ಕುಳಿತಿದ್ದ.

"ಅಲೆಲೆ, ನಮ್ಮ ಹುಡುಗ ಕೂಸಾಗ್ಯಾನ," ಎಂದು ಕಾಕಾ ಚೇಷ್ಟೆ ಮಾಡಿದ.

ದೌಲಪ್ಪ ನಗುತ್ತ ಒಣಗಿ ಗಟ್ಟಿಯಾದ ಕಟಿ ಸಜ್ಜಿ ರೊಟ್ಟಿಯೊಂದನ್ನು ಕಚ್ಚಿದ. ಕಚ್ಚಿದ ಕಡೆ ರೊಟ್ಟಿಯ ಅಂಚಿಗೆ ರಕ್ತ ಅಂಟಿತ್ತು. ಯಾರೂ ನೋಡುವ ಮೊದಲೇ ಅದನ್ನು ಮಡಿಚಿ ಹಾಲಿನಲ್ಲಿ ಅದ್ದಿದ. ಆದರೆ ಹಾಲಿನ ಬಣ್ಣ ಮರೆಮಾಡುವಂಥದ್ದಲ್ಲ. ಶಂಕ್ರಮ್ಮ ನೋಡಿದಳು.

"ಎಷ್ಟು ದಿನ ಆತು?"

"ಏಳೆಂಟು. ಒಸಡು ಉಬ್ಯಾವ. ಏನಿಲ್ಲ ಬಿಡಕ್ಕ."

ಏನಿಲ್ಲ ಎಂದದ್ದು ಒಸಡಿಗೆ ನಿಲ್ಲಲಿಲ್ಲ. ಕಲಬುರಗಿಗೆ ಮರಳಿದ ಮೇಲೆ ಮೊಣಕಾಲ ಕೆಳಗೆ ಸಣ್ಣ ಸಣ್ಣ ಕೆಂಪು ಚುಕ್ಕೆ ಎದ್ದವು. ಕೂತು ಎದ್ದು ಸಾವಿರ ಬೈಠಕ್ ಹೊಡೆಯುವವನು ಇನ್ನೂರಕ್ಕೆ ಗೋಡೆ ಹಿಡಿಯತೊಡಗಿದ. ಲವಂಗ ಅರೆದು ಹಚ್ಚಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು, ದರ್ಗಾದ ತಾಯಿತ ಕಟ್ಟಿದ್ದಾಯಿತು. ಕಸುವು ಕಡಿಮೆಯಾಗಿದೆ ಎಂದು ಶಂಕ್ರಮ್ಮ ಬದಾಮಿಯನ್ನು ಒಂದು ಬೊಗಸೆಯಿಂದ ಎರಡಕ್ಕೆ ಏರಿಸಿದಳು. ಚುಕ್ಕೆಗಳೂ ಏರಿದವು.

ಎರಡು ವಾರ ನೋಡಿ ಉಸ್ತಾದರು ದೌಲಪ್ಪನ ಭುಜದ ಮೇಲೆ ಕೈಯಿಟ್ಟರು.

"ಬೇಟಾ, ಬರೋ ಶುಕ್ರವಾರದ ತನಕ ನೋಡ್ತೀನಿ. ಆಗಲಿಲ್ಲಂದ್ರ ಜಾಗಾ ಇನ್ನೊಬ್ಬಗ. ಈ ಕಾಲಿನ ಮ್ಯಾಲ ನಿನ್ನ ಮಣ್ಣಿಗಿಳಿಸಿದ್ರ ನಾನು ಕಸಾಯಿ ಆಗ್ತೀನಿ."

ದೌಲಪ್ಪ ಈ ಮಾತನ್ನು ಅಕ್ಕನಿಗೆ ಹೇಳುವಾಗ ನಗಲು ನೋಡಿದ, ಆಗಲಿಲ್ಲ. ಶಂಕ್ರಮ್ಮ ಒಲೆಯ ಮುಂದೆ ಕುಳಿತು ತನ್ನ ಎರಡೂ ಅಂಗೈ ನೋಡಿಕೊಂಡಳು. ಮೂರು ತಿಂಗಳಿಂದ ಅವನ ಹೊಟ್ಟೆಗೆ ಹೋದದ್ದೆಲ್ಲ ಈ ಕೈಗಳಿಂದಲೇ ಹೋಗಿತ್ತು. ಹಾಗಾದರೆ ಕೆಟ್ಟದ್ದೂ ಈ ಕೈಗಳಿಂದಲೇ ಹೋಗಿರಬೇಕು.

ಖಾನಾವಳಿಯ ಗಿರಾಕಿಗಳಲ್ಲಿ ನೀಲಕಂಠ ಮಾಸ್ತರರು ಒಬ್ಬರು. ಹೈದರಾಬಾದಿನಲ್ಲಿ ಉರ್ದುವಿನಲ್ಲೇ ವಿಜ್ಞಾನ ಓದಿ ಬಿ.ಎಸ್ಸಿ. ಮಾಡಿ ಬಂದು ಶಾಲೆಯಲ್ಲಿ ಕಲಿಸುತ್ತಿದ್ದರು. ಸರ್ಕಾರಿ ಅತಿಥಿ ಬಂಗಲೆ ಐವಾನ್-ಎ-ಶಾಹಿಯ ಹಿಂದೆ ಒಂದು ಕೋಣೆ ಹಿಡಿದಿದ್ದರು. ತುತ್ತನ್ನು ಮೂವತ್ತೆರಡು ಸಲ ಅಗಿಯುವುದರಿಂದ ಎಲ್ಲರಿಗಿಂತ ಮೊದಲು ಕುಳಿತು ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದರು. ಆ ದಿನ ಪಂಕ್ತಿ ಎದ್ದ ಮೇಲೆ ಶಂಕ್ರಮ್ಮ ತಮ್ಮನನ್ನು ಅವರ ಮುಂದೆ ಕೂಡಿಸಿ ಬಾಯಿ ತೆರೆಸಿದಳು.

ಮಾಸ್ತರರು ಒಸಡು ನೋಡಿದರು, ಚುಕ್ಕೆ ನೋಡಿದರು, ಕಿಸೆಯಿಂದ ಪೆನ್ಸಿಲು ತೆಗೆದರು.

"ನಿನ್ನೆ ಮುಂಜಾನಿಯಿಂದ ಹೇಳ್ರಿ ಶಂಕ್ರಮ್ಮನವರ. ಬಾಯಿಗಿ ಹೋದದ್ದೆಲ್ಲ. ನೀರು ಸಹಾ."

ಅವಳು ಹೇಳಿದಳು. ಮೊನ್ನೆಯದು, ಅದರ ಹಿಂದಿನದು, ಏಳು ದಿನದ್ದು. ಬರೆದು ಮುಗಿಸಿ ಮಾಸ್ತರರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರಾಗ ಬೆಂಕಿ ಕಾಣದ್ದು ಯಾವುದಾದರೂ ಅದೇನ್ರಿ?"

"ನೀರು," ಎಂದ ದೌಲಪ್ಪ.

"ಬದಾಮಿ?"

"ಹುರಿದು ಅರೀತೀನ್ರಿ," ಎಂದಳು ಶಂಕ್ರಮ್ಮ. "ಹಸೀದು ಪಿತ್ತ ಅಂತ. ಯಾಕ್ರಿ, ಏನು ಕಮ್ಮಿ ಆಗ್ಯದ? ರೊಟ್ಟಿ ಅದ, ಬ್ಯಾಳಿ ಅದ, ಹಾಲದ, ತುಪ್ಪದ. ರಾಜರೂ ಇಷ್ಟು ಉಣ್ಣಂಗಿಲ್ಲ."

"ಒಂದೊಂದೂ ಏನು ಮಾಡ್ತದ ಕೇಳ್ರಿ," ಎಂದರು ಮಾಸ್ತರರು. "ರೊಟ್ಟಿಯೊಳಗಿನ ಪಿಷ್ಟ ಬಾಯಾಗ, ಕರುಳಾಗ ಒಡೆದು ಸಕ್ಕರಿ ಆಗ್ತದ. ಆ ಸಕ್ಕರಿ ರಕ್ತಕ್ಕ ಇಳಿದು ಮಾಂಸಖಂಡಕ್ಕ ಹೋಗ್ತದ, ಉಸಿರಿನ ಗಾಳಿ ಕೂಡಿ ಅಲ್ಲಿ ಉರೀತದ. ಬೈಠಕ್ ಹೊಡಿಯೋ ಕಸುವು ಅದರದು. ತುಪ್ಪ, ಬದಾಮಿಯ ಜಿಡ್ಡು ಜ್ವಾಳಕ್ಕಿಂತ ಎರಡು ಪಟ್ಟು ಕಾವು ಕೊಡ್ತದ. ಉರಿದು ಉಳಿದದ್ದು ಚರ್ಮದ ಕೆಳಗ ಕೂಡ್ತದ. ಬ್ಯಾಳಿ, ಹಾಲು ಹೊಟ್ಟ್ಯಾಗ ಸಣ್ಣ ಸಣ್ಣ ತುಣುಕು ಆಗ್ತಾವ. ಮೈ ಅವನ್ನ ಆರಿಸಿಕೊಂಡು ತನ್ನ ಮಾಂಸಾ ಕಟ್ತದ. ಇಷ್ಟೂ ಇವಗ ಸಾಕಷ್ಟು ಸಿಕ್ಕದ. ಸಿಗದೆ ಇದ್ದದ್ದು ಹಯಾತೀನ್."

"ಅದೇನ್ರಿ, ಹೊಸಾ ಕಾಳೇನು?"

"ಕಾಳಲ್ಲ. ಇಂಗ್ಲಿಷಿನಾಗ ವಿಟಮಿನ್ ಅಂತಾರ. ಉರಿಯೂದಿಲ್ಲ, ಮಾಂಸಾ ಆಗೂದಿಲ್ಲ. ಹಸಿ ತಪ್ಪಲದಾಗ, ಹಣ್ಣಿನಾಗ ಇರ್ತದ. ಬಾಳ ಹೊತ್ತು ಕಾಸಿದ್ರ ಕೆಡ್ತದ. ಮೈಯಾಗ ಬಾಳ ದಿನ ನಿಲ್ಲೂದಿಲ್ಲ. ದಿನಕ್ಕ ಬೇಕಾದದ್ದು ಎಷ್ಟು ಅಂದ್ರ, ಒಂದು ಗುಲಗಂಜಿ ತೂಕದ ಕಾಲು ಪಾಲು."

ಶಂಕ್ರಮ್ಮನ ಬಾಯಿ ತೆರೆದೇ ಉಳಿಯಿತು. "ಎರಡು ಬೊಗಸಿ ಬದಾಮಿ ತಿನ್ನೋ ಪೈಲ್ವಾನ ಕಾಲು ಗುಲಗಂಜಿಗಿ ಬಿದ್ದಾನೇನ್ರಿ?"

"ಬಿದ್ದಾನ."

"ಅಷ್ಟು ಸಣ್ಣದು ಏನು ಮಾಡ್ತದ?"

ಮಾಸ್ತರರು ಚರ್ಮ, ಒಸಡು, ರಕ್ತನಾಳಗಳನ್ನು ಹಿಡಿದಿಡುವ ಎಳೆಗಳ ಬಗ್ಗೆ ಹೇಳತೊಡಗಿದರು. ಉರ್ದುವಿನಲ್ಲಿ ಓದಿದ್ದನ್ನು ಕನ್ನಡಕ್ಕೆ ತರುವಾಗ ತಡವರಿಸಿದರು. ಕೈ ತೊಳೆದು ಬಂದು ಕಂಬಕ್ಕೆ ಒರಗಿ ಕೇಳುತ್ತಿದ್ದ ಖಂಡೆಪ್ಪ ಬಾಯಿ ಹಾಕಿದ. ಅವನು ಗಿರಣಿಯಲ್ಲಿ ಹಾಸಿನ ನೂಲಿಗೆ ಗಂಜಿ ಹಾಕುವ ಖಾತೆಯವನು. ಅವನ ಅಂಗಿಗೆ ಸದಾ ಗಂಜಿಯ ವಾಸನೆ.

"ಅಂದ್ರ ನಮ್ಮ ಖಾತೆ ಕೆಲಸಾ ಅನ್ರಿ ಮಾಸ್ತರ. ನೂಲು ಎಷ್ಟೇ ಇರವಲ್ದು, ಗಂಜಿ ಕುಡಿಸಲಿಲ್ಲಂದ್ರ ಮಗ್ಗದ ಮ್ಯಾಲ ಪಟಪಟ ಹರೀತದ. ಸಾವಿರ ಎಳಿಗಿ ಎರಡು ಬೊಗಸಿ ಹಿಟ್ಟು, ಅಷ್ಟೇ. ದೌಲ್ಯಾಗ ನೂಲು ರಗಡು ಸಿಕ್ಕದ, ಗಂಜಿ ಸಿಕ್ಕಿಲ್ಲ. ಹೌದಲ್ರಿ?"

ಮಾಸ್ತರರು ಅವನನ್ನು ಒಂದು ಕ್ಷಣ ದಿಟ್ಟಿಸಿದರು. "ಹೌದು. ಇದಕ್ಕಿಂತ ಚಲೋ ಹೇಳಾಕ ನನಗ ಬರ್ತಿದ್ದಿಲ್ಲ."

"ಎಮ್ಮಿಗಿ, ಆಡಿಗಿ ಹಿಂಗ ಆಗಂಗಿಲ್ಲೇನ್ರಿ?" ಎಂದು ಕೇಳಿದ ಖಂಡೆಪ್ಪ, ಹುರುಪಿನಲ್ಲಿ.

"ಇಲ್ಲ. ಅವು ತಮ್ಮ ಮೈಯಾಗ ತಾವೇ ಮಾಡಿಕೊಳ್ತಾವ."

"ಕೇಳಿದೇನೋ ದೌಲ್ಯಾ? ಎಮ್ಮಿಗಿ ಬರೋ ವಿದ್ಯಾ ನಿನಗ ಬರಂಗಿಲ್ಲ."

ಮರುದಿನ ಸರ್ಕಾರಿ ದವಾಖಾನೆಯ ಡಾಕ್ಟರರೂ ಅದನ್ನೇ ಹೇಳಿ, ದಿನಕ್ಕೆರಡು ಲಿಂಬೆಹಣ್ಣಿನ ರಸ ಕುಡಿಸಿರಿ ಎಂದರು. ಶಂಕ್ರಮ್ಮ ದಾರಿಯಲ್ಲೇ ಲಿಂಬೆ ಕೊಂಡು ಬಂದು ಹಿಂಡಿ ತಮ್ಮನ ಮುಂದೆ ಹಿಡಿದಳು. ದೌಲಪ್ಪ ಬಾಯಿ ಮುಚ್ಚಿಕೊಂಡ.

"ಇದು ಹುಳಿ ಅಕ್ಕಾ. ಉಸ್ತಾದರ ಕಾಲು ಮುಟ್ಟಿ ಮಾತು ಕೊಟ್ಟೀನಿ. ಹಲ್ಲು ಹೋದ್ರ ಹೋಗಲಿ."

"ಹಲ್ಲಿಲ್ಲದವಗ ಹೆಣ್ಣು ಯಾರು ಕೊಡ್ತಾರೋ?"

"ಹಲ್ಲಿಲ್ಲದಾಕಿನ್ನೇ ನೋಡು."

ನಗೆ ಬಂದರೂ ಶಂಕ್ರಮ್ಮನಿಗೆ ತಿಳಿಯಿತು, ಇವನು ಮಣಿಯುವವನಲ್ಲ. ಉಸ್ತಾದರಿಗೆ ಹುಳಿ ಕೊಡಿಸಿ ಎಂದು ಹೇಳುವ ಧೈರ್ಯ ಅವಳಿಗಿರಲಿಲ್ಲ. ನಲವತ್ತು ವರ್ಷ ಹುಳಿ ಮುಟ್ಟದ ಮನುಷ್ಯ ಅವರು. ಆದರೆ ಆ ಮಾತೇ ಅವಳ ತಲೆಯಲ್ಲಿ ಸಿಕ್ಕಿಕೊಂಡಿತು. ನಲವತ್ತು ವರ್ಷ ಹುಳಿ ಮುಟ್ಟದವರ ಹಲ್ಲು ಈಗಲೂ ಕಬ್ಬು ಸಿಗಿಯುತ್ತವಲ್ಲ. ಅವರಿಗೆ ಗಂಜಿ ಎಲ್ಲಿಂದ ಸಿಕ್ಕಿತು?

ಶುಕ್ರವಾರಕ್ಕೆ ಎರಡು ದಿನ ಇತ್ತು. ಅವಳು ಹತ್ತು ಕಟಿ ರೊಟ್ಟಿ ಕಟ್ಟಿಕೊಂಡು ರೋಜಾದ ಓಣಿಯಲ್ಲಿದ್ದ ಉಸ್ತಾದರ ಮನೆಗೆ ಹೋದಳು. ಜುಬೇದಾ ಅಂಗಳದಲ್ಲಿ ಒದ್ದೆ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು.

"ಬಾ ಶಂಕ್ರಮ್ಮ, ಕೂಡು. ತಮ್ಮ ಹ್ಯಾಂಗಿದಾನ?"

"ಅದನ್ನೇ ಕೇಳಾಕ ಬಂದೀನ್ರಿ ಬೀಬಿ. ಉಸ್ತಾದರು ಹರೇದಾಗ ಬದಾಮಿ ಎಷ್ಟು ತಿಂತಿದ್ರು?"

ಜುಬೇದಾ ನಕ್ಕಳು. "ಹಾಯ್ ಅಲ್ಲಾ! ಬದಾಮಿ ಎಲ್ಲಿ ತರಬೇಕು? ಜ್ವಾರಿ ರೊಟ್ಟಿ, ಈ ಕಡ್ಲಿ, ಮತ್ತ ಆ ಗಿಡದ್ದು ಪೇರಲ. ಅಷ್ಟೇ. ಕಡ್ಲಿ ಹುಡುಗರಿಗೆಲ್ಲಾ ಇವತ್ತಿಗೂ ಕೊಡ್ತೀನಿ. ನಿನ್ನ ತಮ್ಮ ತಿನ್ನಂಗಿಲ್ಲ, ಪಾಪ. ತನ್ನ ಪಾಲು ತಂದು ನಮ್ಮ ಆಡಿಗಿ ಹಾಕ್ತಾನ. ಅಲ್ಲಿ ನೋಡು, ಹ್ಯಾಂಗ ಬೆಳದದ!"

ಪೇರಲ ಗಿಡಕ್ಕೆ ಕಟ್ಟಿದ್ದ ಆಡು ತಲೆಯೆತ್ತಿ ಶಂಕ್ರಮ್ಮನನ್ನು ನೋಡಿತು. ಮೈ ಮಿರುಗುತ್ತಿತ್ತು. ಮೂರು ತಿಂಗಳಿಂದ ದೌಲಪ್ಪನ ಕಡಲೆ ತಿಂದ ಆಡು. ಅದರ ಗರಜೇ ಇಲ್ಲದ ಆಡು. ಶಂಕ್ರಮ್ಮ ಹಣೆಗೆ ಕೈ ಹಚ್ಚಿಕೊಂಡು ನಗಬೇಕೋ ಅಳಬೇಕೋ ತಿಳಿಯದೆ ಕುಳಿತಳು. ಆಮೇಲೆ ಎದ್ದಳು.

"ಬೀಬಿ, ಕಡ್ಲಿ ತಿನ್ನೋ ಆ ಆರು ಮಂದಿ ಹುಡುಗರ ಬಾಯಿ ನೋಡಬೇಕ್ರಿ ನಾನು."

ಇಂಥ ಬೇಡಿಕೆ ಆ ಮನೆಯಲ್ಲಿ ಯಾರೂ ಇಟ್ಟಿರಲಿಲ್ಲ. ಆದರೆ ಜುಬೇದಾ ಎರಡನೆಯ ಪ್ರಶ್ನೆ ಕೇಳುವವಳಲ್ಲ. ಕಸರತ್ತು ಮುಗಿಸಿ ಉಸ್ತಾದರು ಶಿಷ್ಯರೊಂದಿಗೆ ಅಂಗಳಕ್ಕೆ ಬಂದಾಗ ಅವಳೇ ಮಾತೆತ್ತಿದಳು. ಉಸ್ತಾದರ ಹುಬ್ಬು ಗಂಟಿಕ್ಕಿದವು.

"ಏನು ಬೇಟಿ, ಎತ್ತಿನ ಸಂತಿ ಮಾಡಾಕ ಬಂದೀ?"

"ಒಂದೇ ಸಲ ಉಸ್ತಾದರ. ಆಮ್ಯಾಲ ಬೈರಿ."

ಆರು ಪೈಲ್ವಾನರು ಗೋಡೆಗೆ ಸಾಲಾಗಿ ನಿಂತು ಬಾಯಿ ತೆರೆದರು. ಉಸ್ತಾದರು ಒಬ್ಬೊಬ್ಬರ ತುಟಿ ಎತ್ತಿ ನೋಡಿದರು. ಶಂಕ್ರಮ್ಮ ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು. ಒಬ್ಬನಿಗೆ ಹುಳುಕು ಹಲ್ಲಿತ್ತು, ಒಬ್ಬನಿಗೆ ಮುಂದಿನ ಹಲ್ಲು ಮುರಿದಿತ್ತು. ಒಸಡು ಮಾತ್ರ ಆರೂ ಮಂದಿಗೆ ಗುಲಾಬಿ, ಗಟ್ಟಿ. ಏಳನೆಯವನಾಗಿ ದೌಲಪ್ಪ ನಿಂತ. ಉಸ್ತಾದರ ಬೆರಳಿಗೆ ರಕ್ತ ಹತ್ತಿತು.

"ಮಣ್ಣು ಒಂದೇ, ನೀರು ಒಂದೇ, ಉಸ್ತಾದರೂ ಒಬ್ಬರೇ," ಎಂದಳು ಶಂಕ್ರಮ್ಮ. "ಇವರು ನಿಮ್ಮ ಮನಿ ಕಡ್ಲಿ ತಿಂದಾರ, ಇವ ಆಡಿಗಿ ಹಾಕ್ಯಾನ. ತಿನ್ನಬ್ಯಾಡ ಅಂದಾಕಿ ನಾನೇ."

ಉಸ್ತಾದರು ಬೆರಳನ್ನು ನೋಡುತ್ತಲೇ ಇದ್ದರು. "ನಾನು ಖಟ್ಟಾ ಬಂದ್ ಅಂದಿದ್ದೆ. ಕಡ್ಲಿ ಬಂದ್ ಅಂದಿದ್ದೆನೇನು? ಪಲ್ಯ ಬಂದ್ ಅಂದಿದ್ದೆನೇನು?"

"ಇಲ್ರೀ. ನೀವು ಎರಡು ಬಾಗಲಾ ಹಾಕಂದ್ರಿ. ನಾ ಕಿಡಕಿ ಸಹಾ ಮುಚ್ಚಿದೆ."

ಗಿಡದ ಬುಡದಲ್ಲಿ ಆಡು ಒಮ್ಮೆ ಕೂಗಿತು. ಮುದುಡಿದ ಕಿವಿಯ ಆ ಮುದುಕ ಕಟ್ಟೆಯ ಮೇಲೆ ಕುಳಿತರು.

"ಮೂವತ್ತು ವರ್ಷ ಕಡ್ಲಿ ಹಂಚೀನಿ ಬೇಟಿ. ನಮ್ಮ ಉಸ್ತಾದರು ಹಂಚತಿದ್ರು, ಅದಕ್ಕ ನಾನೂ ಹಂಚಿದೆ. ಅದು ಯಾಕ ಬೇಕು ಅಂತ ನನಗೂ ಗೊತ್ತಿದ್ದಿಲ್ಲ. ಗೊತ್ತಿದ್ರ ನಿನಗ ಹೇಳ್ತಿದ್ದೆ." ಆಮೇಲೆ ದೌಲಪ್ಪನ ಕಡೆ ತಿರುಗಿದರು. "ಇವತ್ತಿನಿಂದ ಎರಡು ಬೊಗಸಿ ಕಡ್ಲಿ. ಗಿಡದಾಗಿನ ಪೇರಲ ಎಷ್ಟು ಆಗ್ತಾವೋ ಅಷ್ಟು. ಹಸಿ ಮೆಂತಿ. ಲಿಂಬಿ ಬ್ಯಾಡ. ಹುಕುಮು ನಂದು. ಶುಕ್ರವಾರ ಬಿಡು, ಹದಿನೈದು ದಿನ ಕೊಟ್ಟೀನಿ."

ಸಂಜೆ ಶಂಕ್ರಮ್ಮ ಈ ಹುಕುಮನ್ನು ನೀಲಕಂಠ ಮಾಸ್ತರರ ಮುಂದಿಟ್ಟಳು. ಲಿಂಬೆ ಇಲ್ಲದೆ ಆಗುತ್ತದೆಯೇ? ಮಾಸ್ತರರು ಊಟ ಅರ್ಧಕ್ಕೆ ಬಿಟ್ಟು ಎದ್ದರು. ಅಂಥದ್ದನ್ನು ಖಾನಾವಳಿ ಹಿಂದೆಂದೂ ಕಂಡಿರಲಿಲ್ಲ. ಕೋಣೆಗೆ ಹೋಗಿ ಪುಸ್ತಕ ತಿರುವಿ ಮರಳಿ ಬಂದರು.

"ಒಣ ಕಡ್ಲಿಯಾಗ ಅದು ಇಲ್ಲಂತಲೇ ಅನ್ರಿ. ಮೊಳಕಿ ಒಡಿಯುವಾಗ ಹುಟ್ತದ. ಮತ್ತ ಪೇರಲದಾಗ ಲಿಂಬಿಗಿಂತ ಹೆಚ್ಚದ. ಹುಳಿಗೂ ಇದಕ್ಕೂ ಸಂಬಂಧ ಅದ ಅಂತ ನಾನೂ ತಿಳಿದಿದ್ದೆ. ಇಲ್ಲ." ಕುಳಿತು ತಣ್ಣಗಾದ ರೊಟ್ಟಿ ಮುರಿದರು. "ಏಳು ಮಂದಿ, ಎಲ್ಲಾ ಒಂದೇ, ಫರಕು ಒಂದೇ. ಶಂಕ್ರಮ್ಮನವರ, ನನ್ನ ಹುಡುಗರಿಗೆ ಪ್ರಯೋಗ ಅಂದ್ರೇನು ಅಂತ ವರ್ಷಗಟ್ಟಲೆ ಹೇಳಾಕತ್ತೀನಿ. ನೀವು ಅಂಗಳದಾಗ ನಿಂತು ಮಾಡಿ ಬಂದೀರಿ."

"ನಾ ಏನು ಮಾಡಿದೆನ್ರಿ, ಬಾಯಿ ನೋಡಿದೆ," ಎಂದಳು ಅವಳು.

ಅಂದಿನಿಂದ ದಿನಾ ಬೆಳಗ್ಗೆ ಬಿಳಿ ಅರಿವೆಯ ತುಂಡೊಂದನ್ನು ತಮ್ಮನ ಒಸಡಿಗೆ ಒತ್ತಿ ನೋಡಿ, ರಕ್ತ ಕಂಡರೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದಳು. ಆರು ಗೆರೆ ಬಿದ್ದವು. ಏಳನೆಯ ದಿನ ಬೀಳಲಿಲ್ಲ. ಹತ್ತನೆಯ ದಿನಕ್ಕೆ ಕಾಲಿನ ಚುಕ್ಕೆಗಳು ಮಾಸಿದವು. ಹದಿಮೂರನೆಯ ದಿನ ದೌಲಪ್ಪ ಆರುನೂರು ಬೈಠಕ್ ಹೊಡೆದು ಬಂದು, ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದ. ಹದಿನೈದನೆಯ ದಿನ ಉಸ್ತಾದರು ಅವನನ್ನು ತಾವೇ ಮಣ್ಣಿಗೆ ಕರೆದು ಮೂರು ಸಲ ಕೆಡವಿದರು. ನಾಲ್ಕನೆಯ ಸಲ ಅವನು ಬೀಳಲಿಲ್ಲ. "ಇಳೀತಾನ," ಎಂದರು ಉಸ್ತಾದರು, ಅಷ್ಟೇ.

ಉರುಸಿನ ಕುಸ್ತಿಗೆ ಹೆಂಗಸರು ಹೋಗುವಂತಿರಲಿಲ್ಲ. ಶಂಕ್ರಮ್ಮ ಖಂಡೆಪ್ಪನ ಕೈಗೆ ಬಿಳಿ ಅರಿವೆಯ ತುಂಡು ಕೊಟ್ಟಳು. "ಕುಸ್ತಿ ಮುಗಿದ ಕೂಡ್ಲೆ ಅವನ ಬಾಯಿ ಒರಸು. ಇದನ್ನ ತಂದು ನನ್ನ ಕೈಯಾಗ ಕೊಡು. ಮೊದಲ ಇದು, ಮಾತು ಆಮ್ಯಾಲ."

ಮಧ್ಯಾಹ್ನದ ಊಟ ಮುಗಿದು ತಾಟು ತೊಳೆಯುವ ಹೊತ್ತಿಗೆ ಖಂಡೆಪ್ಪ ಏದುಸಿರು ಬಿಡುತ್ತ ಬಂದ. ಅರಿವೆ ಕೆಂಪಗಿತ್ತು. ಶಂಕ್ರಮ್ಮ ತಾಟು ಕೆಳಗಿಟ್ಟು ಅರಿವೆಯನ್ನು ಕಸಿದುಕೊಂಡಳು.

"ಬಾಯಿಗಿ ಪೆಟ್ಟು ಬಿತ್ತೇನು?"

"ಬಿತ್ತಲ್ಲ! ಆ ಹುಮನಾಬಾದದಾಂವ ಮೊಣಕೈಲೆ ಹಿಂಗ ಕೊಟ್ಟ. ಅಕ್ಕಾ, ಏನು ಕುಸ್ತಿ ಅಂತೀ, ಅರ್ಧಾ ತಾಸು..."

ಅವಳು ಕೇಳಲಿಲ್ಲ. ತಂಬಿಗೆಯಲ್ಲಿ ತಿಳಿನೀರು ತೆಗೆದುಕೊಂಡು ಅರಿವೆಯನ್ನು ಅದ್ದಿ ಮೂರು ಸಲ ಜಾಲಾಡಿಸಿ, ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಬಾಗಿ ನೋಡುತ್ತ ನಿಂತಳು. ಖಂಡೆಪ್ಪನೂ ಬಾಗಿದ. ನೀರು ಮೊದಲು ಕದಡಿ ಕೆಂಪಾಯಿತು. ಆಮೇಲೆ ನಿಧಾನವಾಗಿ, ಮೇಲಿನಿಂದ ಕೆಳಗೆ ತಿಳಿಯಾಗುತ್ತ ಬಂತು. ತಳದಲ್ಲಿ ಕುಸ್ತಿಯ ಕಣದ ಕೆಮ್ಮಣ್ಣು ಮೆತ್ತಗೆ ಕುಳಿತಿತ್ತು. ರಕ್ತವಾಗಿದ್ದರೆ ನೀರೆಲ್ಲ ಹಾಗೇ ಕೆಂಪಗೆ ಉಳಿಯುತ್ತಿತ್ತು. ಅರಿವೆ ಬಿಳಿ.

ಶಂಕ್ರಮ್ಮ ಅದನ್ನು ಹಿಂಡಿ ಹಗ್ಗಕ್ಕೆ ಹಾಕಿದಳು.

"ಅಲ್ಲಕ್ಕ," ಎಂದ ಖಂಡೆಪ್ಪ, ತಾಳಲಾರದೆ, "ಗೆದ್ದನೋ ಸೋತನೋ ಕೇಳಂಗಿಲ್ಲೇನು?"

"ಹ್ಞೂಂ. ಏನಾತು?"

"ಬರಾಬರಿ! ಇಬ್ಬರ ತಲಿಗೂ ಪಟಕಾ ಸುತ್ಯಾರ. ಉಸ್ತಾದರ ಕಣ್ಣಾಗ ನೀರು ಬಂತು, ನಾ ನೋಡೀನಿ."

"ಬರಾಬರಿ ಅಂದ್ರ ಚಲೋನೇ ಆತು," ಎಂದಳು ಶಂಕ್ರಮ್ಮ. ಸೆರಗಿನಿಂದ ಮುಖ ಒರಸಿಕೊಂಡಳು. ಆಮೇಲೆ ಒಳಗೆ ಹೋಗಿ ಒಂದು ತಾಟು ತಂದು ಖಂಡೆಪ್ಪನ ಮುಂದಿಟ್ಟಳು. ಅವನು ಬೆಳಗಿನಿಂದ ಉಂಡಿರಲಿಲ್ಲ. ತಾಟಿನಲ್ಲಿ ಒಂದು ಹಿಡಿ ಹಸಿ ಮೆಂತೆ, ಪಕ್ಕದಲ್ಲಿ ಒಂದಿಷ್ಟು ಮೊಳಕೆ ಕಡಲೆ.

"ಅಕ್ಕಾ, ನನಗ್ಯಾಕ? ನಾ ಏನು ಪೈಲ್ವಾನನೇನು? ರೊಟ್ಟಿ ಕೊಡು."

"ನಿನಗೂ ಒಸಡು ಅವ," ಎಂದಳು ಶಂಕ್ರಮ್ಮ. "ಮೊದಲ ಇದು."